ಲಂಡನ್ ಪತ್ರಿಕೆಗಳ ಕನ್ನಡಿಯಲ್ಲಿ ಎಡೆದೊರೆ ನಾಡು

ಪತ್ರಿಕೆಯು ಕಾಲದ ಕೈಗನ್ನಡಿ ಎಂಬ ಮಾತನ್ನು ನಾವೆಲ್ಲ ಶಾಲೆಯ ಪ್ರಬಂಧಗಳಲ್ಲಿ ಬರೆದು ಅಂಕ ಗಳಿಸಿದವರೇ. ಮಾತು ಸುಳ್ಳಲ್ಲ. ಆದರೆ ಕನ್ನಡಿ ಎಂದ ಮೇಲೆ ಅದರ ಮುಂದೆ ಒಂದು ಮುಖ ಇರಬೇಕಷ್ಟೆ. ಅದು ಯಾರ ಮುಖವೆಂದು ಕೇಳುವ ಗೋಜಿಗೆ ನಾವು ಸಾಮಾನ್ಯವಾಗಿ ಹೋಗುವುದಿಲ್ಲ. ಸುದ್ದಿಯಲ್ಲಿ ಬಂದವನ ಮುಖವೋ, ಸುದ್ದಿ ಬರೆದವನ ಮುಖವೋ, ಕಾಸು ಕೊಟ್ಟು ಕೊಂಡು ಓದಿದವನ ಮುಖವೋ? ಕಳೆದ ಕೆಲವು ತಿಂಗಳು ೧೮೫೦ರಿಂದ ೧೮೬೦ರವರೆಗಿನ ಇಂಗ್ಲೆಂಡಿನ ವೃತ್ತಪತ್ರಿಕೆಗಳನ್ನೂ ಅವುಗಳ ಮೇಲೆ ಬಂದ ಬರೆಹಗಳನ್ನೂ ಓದುತ್ತ ಕುಳಿತಾಗ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು.

ರಾಯಚೂರಿನಲ್ಲಿ ಕುಳಿತವನಿಗೆ ಲಂಡನ್ ಪತ್ರಿಕೆಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಹಿರಿಯರು ಹಿಂದಿನದನ್ನೆಲ್ಲ ‘ನಿಜಾಮನ ಕಾಲ’ ಎಂಬ ಒಂದೇ ಗಂಟಿನಲ್ಲಿ ಕಟ್ಟಿಡುತ್ತಾರೆ. ಆ ಗಂಟಿನೊಳಗೆ ಏಳು ವರ್ಷಗಳ ಬೇರೆ ಕಾಲವೊಂದು ಸೇರಿಹೋಗಿದೆ. ೧೮೫೩ರ ಮೇ ತಿಂಗಳಿನಲ್ಲಿ ನಿಜಾಮ ಸರಕಾರಕ್ಕೂ ಈಸ್ಟ್ ಇಂಡಿಯಾ ಕಂಪನಿಗೂ ಒಂದು ಕರಾರಾಯಿತು. ಹೈದರಾಬಾದ್ ಕಂಟಿಂಜೆಂಟ್ ಎಂಬ ದಂಡಿನ ಖರ್ಚಿಗೆಂದು ವರಾಡ, ಧಾರಾಶಿವ, ರಾಯಚೂರು ದೋಆಬು ಈ ಮೂರು ಸೀಮೆಗಳನ್ನು ಕಂಪನಿಯ ಕೈಗೆ ಒಪ್ಪಿಸಲಾಯಿತು. ಕೃಷ್ಣಾ ತುಂಗಭದ್ರೆಗಳ ನಡುವಣ ಈ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಎಷ್ಟು ಒಪ್ಪುವ ಹೆಸರು! ಹೀಗೆ ರಾಯಚೂರು, ಮಾನ್ವಿ, ದೇವದುರ್ಗಗಳು ೧೮೬೦ರವರೆಗೆ ಇಂಗ್ಲಿಷ್ ಅಧಿಕಾರಿಗಳ ಆಡಳಿತದಲ್ಲಿದ್ದವು. ಲಂಡನ್ನಿನ ಪತ್ರಿಕೆಗಳು ಆ ಏಳು ವರ್ಷ ಬರೆದದ್ದು ಪರದೇಶದ ವಿಷಯವಲ್ಲ, ತಮ್ಮ ಆಳ್ವಿಕೆಯ ವಿಷಯ. ಅದೇ ಏಳು ವರ್ಷಗಳ ನಡುವೆ ೧೮೫೭ ಬಂದಿತು.

ಮೊದಲು ಆ ಪತ್ರಿಕೆಗಳು ಯಾರ ಕೈಗೆ ಹೋಗುತ್ತಿದ್ದವೆಂಬುದನ್ನು ನೋಡಬೇಕು. ೧೮೫೫ರವರೆಗೆ ಇಂಗ್ಲೆಂಡಿನಲ್ಲಿ ವೃತ್ತಪತ್ರಿಕೆಗಳ ಮೇಲೆ ಸರಕಾರದ ಮುದ್ರೆ ಸುಂಕವಿದ್ದಿತು. ಪತ್ರಿಕೆ ಕೊಳ್ಳುವುದೆಂದರೆ ಉಳ್ಳವರ ಬಾಬತ್ತು. ಪಾರ್ಲಿಮೆಂಟಿನ ಸದಸ್ಯರು, ಸಾಹುಕಾರರು, ಪಾದ್ರಿಗಳು, ವಕೀಲರು ‘ಟೈಮ್ಸ್’ ಪತ್ರಿಕೆಯನ್ನು ಓದಿದರು; ಬಡಗುಮಾಸ್ತನು ಕಾಫಿ ಅಂಗಡಿಯಲ್ಲಿ ಹತ್ತು ಕೈ ದಾಟಿ ಬಂದ ಹಾಳೆಯನ್ನು ಓದಿದನು. ೧೮೫೫ರಲ್ಲಿ ಸುಂಕ ರದ್ದಾಯಿತು. ಅದೇ ವರ್ಷ ‘ಡೈಲಿ ಟೆಲಿಗ್ರಾಫ್’ ಹುಟ್ಟಿ, ಕೆಲವೇ ತಿಂಗಳಲ್ಲಿ ಒಂದು ಪೆನ್ನಿಗೆ ಮಾರಾಟವಾಗತೊಡಗಿತು. ಓದುಗರ ಸಂಖ್ಯೆ ಹಿಗ್ಗಿತು. ಅವರನ್ನು ಹಿಡಿದಿಟ್ಟುಕೊಳ್ಳುವ ಪೈಪೋಟಿಯೂ ಹಿಗ್ಗಿತು. ಅಷ್ಟರಲ್ಲಿ ಕ್ರಿಮಿಯಾ ಯುದ್ಧಭೂಮಿಯಿಂದ ವಿಲಿಯಂ ಹೊವರ್ಡ್ ರಸೆಲ್ ಎಂಬ ಬಾತ್ಮೀದಾರನು ‘ಟೈಮ್ಸ್’ಗೆ ಬರೆದ ಕಾಗದಗಳು ಒಂದು ಮಂತ್ರಿಮಂಡಲವನ್ನೇ ಅಲುಗಿಸಿದ್ದವು. ಎಂದರೆ, ಹಿಂದೂಸ್ಥಾನದ ದಂಗೆಯ ಸುದ್ದಿ ಬಂದಿಳಿಯುವ ಹೊತ್ತಿಗೆ ಲಂಡನ್ ಪತ್ರಿಕೆಗೆ ತನ್ನ ಬಲದ ಅರಿವೂ ಆಗಿತ್ತು, ಹಸಿವೂ ಹೆಚ್ಚಿತ್ತು.

ಸುದ್ದಿಯ ನಡಿಗೆ ಮಾತ್ರ ಇನ್ನೂ ಹಳೆಯ ಕಾಲದ್ದೇ. ಮುಂಬಯಿಯಿಂದ ಹಡಗಿನಲ್ಲಿ ಸೂಯೆಜ್, ಅಲ್ಲಿಂದ ನೆಲದ ಮೇಲೆ ಅಲೆಗ್ಸಾಂಡ್ರಿಯ, ಮತ್ತೆ ಹಡಗಿನಲ್ಲಿ ಯೂರೋಪಿನ ಬಂದರು, ಅಲ್ಲಿಂದ ತಂತಿ. ೧೮೫೭ರ ಮೇ ೧೦ರಂದು ಮೀರತ್ತಿನಲ್ಲಿ ಸಿಡಿದ ದಂಗೆಯ ಸುದ್ದಿ ಲಂಡನ್ನಿಗೆ ಮುಟ್ಟಿದ್ದು ಜೂನ್ ಕೊನೆಯಲ್ಲಿ. ಈ ಒಂದೂವರೆ ತಿಂಗಳ ಅಂತರವನ್ನು ಮರೆತರೆ ಆಗಿನ ಪತ್ರಿಕೆಗಳು ನಮಗೆ ಅರ್ಥವಾಗುವುದಿಲ್ಲ. ಮೊದಲು ಬರುವುದು ತಂತಿಯ ನಾಲ್ಕು ಸಾಲು. ಆಮೇಲೆ ಹಲವು ದಿನಗಳ ಮೌನ. ಅನಂತರ ಟಪಾಲಿನ ಚೀಲ ತುಂಬ ಖಾಸಗಿ ಕಾಗದಗಳು, ಕೇಳಿದ ಮಾತುಗಳು, ಕಲ್ಕತ್ತೆಯ ಪತ್ರಿಕೆಗಳ ತುಣುಕುಗಳು. ನಡುವಣ ಮೌನವನ್ನು ತುಂಬಿದವರು ಅಗ್ರಲೇಖನದವರು. ಸುದ್ದಿ ತೆಳುವಾದಷ್ಟೂ ಅಭಿಪ್ರಾಯ ದಪ್ಪವಾಗುತ್ತದೆ ಎಂಬುದಕ್ಕೆ ಆ ಬೇಸಗೆಯ ಸಂಚಿಕೆಗಳಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಆದರೆ ೧೮೫೭ಕ್ಕೆ ಹೋಗುವ ಮುನ್ನ, ಅದಕ್ಕಿಂತ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ ಒಂದು ಸಂಗತಿಯನ್ನು ಹೇಳಬೇಕು. ೧೮೪೦ರಿಂದ ೧೮೫೩ರವರೆಗೆ ‘ಟೈಮ್ಸ್’ ಪತ್ರಿಕೆಗೆ ಹಿಂದೂಸ್ಥಾನದಿಂದ ಬರೆಯುತ್ತಿದ್ದ ಬಾತ್ಮೀದಾರರಲ್ಲೊಬ್ಬನು ನಮ್ಮ ನೆರೆಯವನೇ ಆಗಿದ್ದನು. ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಆಚೆಯ ದಡದ ಸೀಮೆ ಸುರಪುರ. ಅಲ್ಲಿ ೧೮೪೦ರ ದಶಕದ ಮೊದಲಿನಿಂದ ೧೮೫೩ರವರೆಗೆ, ಎಳೆಯ ದೊರೆ ವೆಂಕಟಪ್ಪ ನಾಯಕನ ಪರವಾಗಿ ಆಡಳಿತ ನಡೆಸಿದ ಫಿಲಿಪ್ ಮೆಡೋಸ್ ಟೇಲರನೇ ಆತ. ಸುರಪುರದ ಗುಡ್ಡದ ಮೇಲಿನ ‘ಟೇಲರ್ ಮಂಜಿಲ್’ ನೋಡಿದವರಿಗೆ ಆ ಹೆಸರು ಹೊಸದಲ್ಲ. ೧೮೩೯ರಲ್ಲಿ ಠಗ್ಗನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದವನೂ ಅವನೇ. ಅವನಿಗೆ ಪತ್ರಿಕೆಯ ಬಾಗಿಲು ತೆರೆದದ್ದು ಹೇಗೆ ಎಂಬುದೂ ಸ್ವಾರಸ್ಯವಾಗಿದೆ. ಅವನ ದಾಯಾದಿ ಹೆನ್ರಿ ರೀವ್ ಎಂಬವನು ೧೮೪೦ರಿಂದ ೧೮೫೫ರವರೆಗೆ ‘ಟೈಮ್ಸ್’ನ ಅಗ್ರಲೇಖನಗಳನ್ನು ಬರೆಯುತ್ತಿದ್ದ ಪ್ರಮುಖರಲ್ಲೊಬ್ಬ.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಲಂಡನ್ನಿನ ಓದುಗನು ಬೆಳಗಿನ ಚಹದೊಡನೆ ಹೈದರಾಬಾದ್ ರಾಜ್ಯದ ದುರಾಡಳಿತ, ಸಾಲ, ದಂಡಿನ ಸಂಬಳದ ಬಾಕಿ ಮುಂತಾದುವನ್ನು ಕುರಿತು ಓದುತ್ತಾನೆ. ಕೆಳಗೆ ಹೆಸರಿಲ್ಲ, ‘ನಮ್ಮ ಬಾತ್ಮೀದಾರರಿಂದ’ ಎಂದಷ್ಟೇ ಇದೆ. ಹೆಸರಿಲ್ಲದ ಬರೆಹಕ್ಕೆ ಒಂದು ವಿಚಿತ್ರ ಗೌರವವುಂಟು. ಅದು ಯಾರೋ ಒಬ್ಬನ ಮಾತಾಗಿ ಕೇಳಿಸುವುದಿಲ್ಲ, ಸತ್ಯವೇ ಬಾಯಿ ತೆರೆದಂತೆ ಕೇಳಿಸುತ್ತದೆ. ಬರೆದವನು ಅದೇ ರಾಜ್ಯದ ಸೇವೆಯಲ್ಲಿದ್ದ ಅಧಿಕಾರಿ, ಸುರಪುರದಿಂದ ನಿಜಾಮನಿಗೆ ಸಲ್ಲಬೇಕಾದ ಕಪ್ಪದ ಲೆಕ್ಕ ನೋಡುತ್ತಿದ್ದವನು ಎಂಬುದು ಓದುಗನಿಗೆ ತಿಳಿಯುವ ಹಾಗಿರಲಿಲ್ಲ. ಸರಕಾರಕ್ಕೆ ವರದಿ ಬರೆದ ಲೇಖನಿಯೇ ಪತ್ರಿಕೆಗೂ ಕಾಗದ ಬರೆಯಿತು; ಲಂಡನ್ನಿನಲ್ಲಿ ಆ ವಿಷಯದ ಅಭಿಪ್ರಾಯ ತಯಾರಾಗುವ ಮೇಜಿನಲ್ಲಿ ಅವನ ದಾಯಾದಿ ಕುಳಿತಿದ್ದ. ಇದರಲ್ಲಿ ಒಳಸಂಚನ್ನು ಹುಡುಕುವುದು ನನ್ನ ಉದ್ದೇಶವಲ್ಲ. ಟೇಲರನು ಪ್ರಾಮಾಣಿಕನೆಂದೇ ನಾನು ತಿಳಿದಿದ್ದೇನೆ. ಆದರೆ ಪ್ರಾಮಾಣಿಕನಾದ ಒಬ್ಬನ ದೃಷ್ಟಿ ಹೆಸರು ಕಳಚಿಕೊಂಡು ಒಂದು ದೇಶದ ದೃಷ್ಟಿಯಾಗುವ ಬಗೆ ಇದು.

ಹೆಸರು ಕಳಚಿದಾಗ ಇನ್ನೂ ಏನೇನು ಕಳಚಿಹೋಯಿತು ನೋಡಿ. ಟೇಲರನು ಕಂಪನಿಯ ನೌಕರನಲ್ಲ. ಹದಿಹರೆಯದಲ್ಲೇ ನಿಜಾಮನ ದಂಡಿಗೆ ಸೇರಿದವನು. ಕಂಪನಿಯ ದೊರೆಗಳ ಪಂಕ್ತಿಯಲ್ಲಿ ಅವನಿಗೆ ಎಂದೂ ಪೂರ್ತಿ ಮಣೆ ಸಿಗಲಿಲ್ಲ. ಅವನ ಹೆಂಡತಿ ಹೈದರಾಬಾದಿನ ಲೇವಾದೇವಿಗಾರ ವಿಲಿಯಂ ಪಾಮರನ ಮಗಳು. ಆ ಪಾಮರನ ತಾಯಿ ಈ ದೇಶದ ಮುಸ್ಲಿಂ ಮಹಿಳೆ. ಸುರಪುರ ಸೀಮೆಯ ರಾಜನಕೋಳೂರಿನ ಶಿಲಾಸಮಾಧಿಗಳನ್ನು ಮೊದಲಿಗೆ ಅಳೆದು, ಚಿತ್ರ ಬರೆದು, ಲೋಕಕ್ಕೆ ತಿಳಿಸಿದವನೂ ಅವನೇ. ಎರಡು ದಡಗಳ ನಡುವೆ ನಿಂತ ಮನುಷ್ಯ. ಪತ್ರಿಕೆಯಲ್ಲಿ ಆ ಎರಡು ದಡಗಳಲ್ಲಿ ಒಂದಕ್ಕೆ ಮಾತ್ರ ಜಾಗವಿತ್ತು. ಏಕೆಂದರೆ ಕೊಳ್ಳುವವನು ಒಂದೇ ದಡದಲ್ಲಿದ್ದ.

ಆ ಹದಿಮೂರು ವರ್ಷಗಳಲ್ಲಿ ಹಿಂದೂಸ್ಥಾನದ ವಿಷಯದಲ್ಲಿ ಲಂಡನ್ನಿನಲ್ಲಿ ಬಲವಾಗಿದ್ದ ಮನೋಧರ್ಮ ಸುಧಾರಣೆಯದು. ಅಲ್ಲಿ ಎಲ್ಲ ಕೆಟ್ಟಿದೆ, ನಾವು ಸರಿಪಡಿಸುತ್ತೇವೆ. ಠಗ್ಗರನ್ನು ಅಡಗಿಸಿದೆವು, ಸಹಗಮನ ನಿಲ್ಲಿಸಿದೆವು, ಇನ್ನು ರಸ್ತೆ, ರೈಲು, ಲೆಕ್ಕಪತ್ರ. ಈ ಧ್ವನಿಯಲ್ಲಿ ಅಹಂಕಾರವಿದೆ, ದ್ವೇಷವಿಲ್ಲ. ಶಾಲಾಮಾಸ್ತರು ದಡ್ಡ ಹುಡುಗನನ್ನು ಕುರಿತು ಮಾತಾಡುವ ಧಾಟಿ ಅದು. ೧೮೫೩ರ ಕರಾರು ಇದೇ ಧಾಟಿಗೆ ಕೊಟ್ಟ ರಾಜಮುದ್ರೆ. ನಾಲ್ಕು ವರ್ಷ ಕಳೆಯುವುದರೊಳಗೆ ಮಾಸ್ತರ ಕೈಗೆ ನೇಣಿನ ಹಗ್ಗ ಬಂದಿತ್ತು.

೧೮೫೭ರ ಆಗಸ್ಟ್, ಸಪ್ಟೆಂಬರ್ ತಿಂಗಳ ಪುಟಗಳನ್ನು ಓದುವುದು ಹಿತವಾದ ಕೆಲಸವಲ್ಲ. ಕಾನ್ಪುರದ ಕೊಲೆಗಳು ನಿಜ. ಅಲ್ಲಿ ಹೆಂಗಸರೂ ಮಕ್ಕಳೂ ಸತ್ತದ್ದು ನಿಜ. ಆ ದುಃಖವನ್ನು ಅಲ್ಲಗಳೆಯುವುದು ಮನುಷ್ಯತ್ವವಲ್ಲ. ಆದರೆ ನಿಜ ಸಾಲದೆ ಬಂದಿತು. ‘ಪಂಚ್’ ಪತ್ರಿಕೆಯಲ್ಲಿ ಜಾನ್ ಟೆನಿಯಲ್ ಬರೆದ ಚಿತ್ರ ಆಗಸ್ಟ್ ೨೨ರಂದು ಬಂತು: ತಾಯಿ ಮಗುವಿನ ಮೇಲೆ ಬಿದ್ದ ಬಂಗಾಳದ ಹುಲಿಯ ಮೇಲೆ ಇಂಗ್ಲೆಂಡಿನ ಸಿಂಹ ಹಾರುತ್ತಿದೆ. ಸಪ್ಟೆಂಬರ್ ೧೨ರಂದು ಇನ್ನೊಂದು: ನ್ಯಾಯದೇವತೆ ಕತ್ತಿ ಹಿರಿದು ಸಿಪಾಯಿಗಳನ್ನು ತುಳಿಯುತ್ತಿದ್ದಾಳೆ. ಆಕೆಯ ಕೈಯಲ್ಲಿ ತಕ್ಕಡಿ ಇಲ್ಲ ಎಂಬುದನ್ನು ಆಗ ಎಷ್ಟು ಜನ ಗಮನಿಸಿದರೋ! ಗವರ್ನರ್ ಜನರಲ್ ಕ್ಯಾನಿಂಗನು ವಿಚಾರಣೆಯಿಲ್ಲದೆ ಕಂಡಕಂಡವರನ್ನು ಗಲ್ಲಿಗೇರಿಸಬೇಡಿರೆಂದು ಅಪ್ಪಣೆ ಹೊರಡಿಸಿದ್ದಕ್ಕೆ ‘ದಯಾಳು ಕ್ಯಾನಿಂಗ್’ ಎಂದು ಹಂಗಿಸಿದರು. ದಯೆ ಎಂಬುದು ಬೈಗುಳವಾದ ಕಾಲ ಅದು. ಅಕ್ಟೋಬರ್ ೭ರಂದು ರಾಷ್ಟ್ರೀಯ ಉಪವಾಸದ ದಿನ. ಚರ್ಚುಗಳಲ್ಲಿ ಪಶ್ಚಾತ್ತಾಪದ ಜೊತೆಗೇ ಪ್ರತೀಕಾರದ ಉಪದೇಶಗಳಾದವು, ಪತ್ರಿಕೆಗಳು ಅವನ್ನು ಕಾಲಂ ಕಾಲಂ ಅಚ್ಚು ಹಾಕಿದವು.

ಈ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಪಾತ್ರವಿದೆ, ಹೆಮ್ಮೆಪಡುವಂಥದಲ್ಲ. ಆ ಆಗಸ್ಟಿನಲ್ಲಿ ‘ಟೈಮ್ಸ್’ ಒಬ್ಬ ಪಾದ್ರಿಯ ಕಾಗದವನ್ನು ಪ್ರಕಟಿಸಿತು. ದೆಹಲಿಯಲ್ಲಿಯೂ ಮೀರತ್ತಿನಲ್ಲಿಯೂ ಇಂಗ್ಲಿಷ್ ಹೆಂಗಸರಿಗೆ ಒದಗಿದ ಗತಿಯನ್ನು ಅದು ಓದಲಾಗದಂಥ ವಿವರಗಳೊಡನೆ ವರ್ಣಿಸಿತ್ತು. ಇಂಗ್ಲೆಂಡ್ ಕುದಿಯಿತು. ಕಾಗದ ಬರೆದ ಪುಣ್ಯಾತ್ಮನು ಕುಳಿತಿದ್ದದ್ದು ಎಲ್ಲಿ? ಬೆಂಗಳೂರಿನಲ್ಲಿ! ಇದನ್ನು ಹಿಡಿದು ತೋರಿಸಿದವನು ಆಗ ಲಂಡನ್ನಿನಲ್ಲಿದ್ದು ನ್ಯೂಯಾರ್ಕಿನ ‘ಟ್ರಿಬ್ಯೂನ್’ ಪತ್ರಿಕೆಗೆ ಬರೆಯುತ್ತಿದ್ದ ಕಾರ್ಲ್ ಮಾರ್ಕ್ಸ್. ಸಪ್ಟೆಂಬರ್ ೧೬ರ ಲೇಖನದಲ್ಲಿ ಆತ, ಈ ಪಾದ್ರಿ ಘಟನೆಯ ಸ್ಥಳದಿಂದ ಹಕ್ಕಿ ಹಾರುವ ದಾರಿಯಲ್ಲಿ ಸಾವಿರ ಮೈಲಿಗೂ ದೂರದಲ್ಲಿದ್ದನೆಂದು ಲೆಕ್ಕ ಹೇಳುತ್ತಾನೆ. ಅಂಥ ಸುದ್ದಿಗಳಲ್ಲಿ ಎಷ್ಟು ಕಟ್ಟುಕಥೆಯೆಂಬುದನ್ನು ಎಡ್ವರ್ಡ್ ಲೆಕಿ ಎಂಬ ಇಂಗ್ಲಿಷನೇ ೧೮೫೯ರಲ್ಲಿ ಮುಂಬಯಿಯಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಬಿಡಿಸಿಟ್ಟನು. ೧೮೫೮ರಲ್ಲಿ ಇಲ್ಲಿಗೆ ಬಂದ ರಸೆಲನಿಗೂ ಅಂಗಾಂಗ ಕೊಯ್ದ ಹೆಂಗಸರ ಕಥೆಗೆ ಸಾಕ್ಷ್ಯ ದೊರೆಯಲಿಲ್ಲ. ಅಷ್ಟು ಹೊತ್ತಿಗೆ ಆ ಕಥೆಗಳ ಕೆಲಸ ಮುಗಿದಿತ್ತು.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗೆ ಮುಖ್ಯವಾದ ಒಂದು ಮಾತಿದೆ. ಪತ್ರಿಕೆಯ ಸುಳ್ಳು ಪತ್ರಿಕೆಯಲ್ಲೇ ಸಾಯುವುದಿಲ್ಲ. ಅದು ಕಾವ್ಯಕ್ಕೆ ಇಳಿಯುತ್ತದೆ. ಝಾನ್ಸಿಯಲ್ಲಿ ಸ್ಕೀನ್ ಎಂಬ ಅಧಿಕಾರಿ ದಂಗೆಕೋರರ ಕೈಗೆ ಸಿಕ್ಕಬಾರದೆಂದು ಹೆಂಡತಿಯನ್ನು ಕೊಂದು ತಾನೂ ಸತ್ತನೆಂಬ ವರದಿ ಬಂದಿತ್ತು. ಕ್ರಿಸ್ಟಿನಾ ರೊಸೆಟ್ಟಿ ಅದನ್ನೇ ನಂಬಿ ಒಂದು ಕವನ ಕಟ್ಟಿದಳು. ೧೮೫೯ರಲ್ಲಿ ಅದು ಅಚ್ಚಾಯಿತು. ವರದಿ ನಿಜವಲ್ಲವೆಂದು ತಿಳಿದ ಮೇಲೆ ಹಾಗೆಂದು ಟಿಪ್ಪಣಿ ಸೇರಿಸಿದಳು, ಕವನವನ್ನು ಉಳಿಸಿಕೊಂಡಳು. ಆಕೆಯನ್ನು ದೂರಲು ನನಗೆ ಮನಸ್ಸಿಲ್ಲ. ಕವನ ಒಳ್ಳೆಯದು, ಟಿಪ್ಪಣಿ ಪ್ರಾಮಾಣಿಕ. ಆದರೆ ಕವನ ಬಾಯಿಪಾಠವಾಗುತ್ತದೆ, ಟಿಪ್ಪಣಿಯನ್ನು ಯಾರು ಬಾಯಿಪಾಠ ಮಾಡುತ್ತಾರೆ?

ಎಲ್ಲರೂ ಒಂದೇ ರಾಗ ಹಾಡಿದರೆಂದೂ ತಿಳಿಯಬಾರದು. ಡಿಕನ್ಸ್ ಮಹಾಶಯ ತನ್ನ ಖಾಸಗಿ ಕಾಗದವೊಂದರಲ್ಲಿ ಆ ಜನಾಂಗವನ್ನೇ ಅಳಿಸಿಬಿಡುವ ಮಾತಾಡಿದ. ಆದರೆ ಅವನದೇ ವಾರಪತ್ರಿಕೆ ‘ಹೌಸ್‌ಹೋಲ್ಡ್ ವರ್ಡ್ಸ್’ನಲ್ಲಿ ೧೮೫೮ರ ಫೆಬ್ರುವರಿಯಲ್ಲಿ ವಿಲ್ಕಿ ಕಾಲಿನ್ಸ್ ‘ಸಿಪಾಯಿಗಳಿಗೊಂದು ಉಪದೇಶ’ ಎಂಬ ಬರೆಹ ಪ್ರಕಟಿಸಿದ. ಸಿಪಾಯಿಗಳಿಗೆ ಬುದ್ಧಿ ಹೇಳಲು ಬೈಬಲ್ ಬೇಕಿಲ್ಲ, ಅವರ ದೇಶದ ನೀತಿಕಥೆಗಳೇ ಸಾಕು ಎಂದು ಮೊಗಲರ ಕಾಲದ ಒಂದು ಕಥೆ ಹೇಳಿದ. ಆ ಗದ್ದಲದ ನಡುವೆ ಈ ಮೆಲುದನಿ ಕೇಳಿದಾಗ ಇಂಗ್ಲಿಷ್ ಸಾಹಿತ್ಯದ ಮೇಲೆ ನನಗೆ ಮತ್ತೆ ವಿಶ್ವಾಸ ಹುಟ್ಟಿತು. ಮುಂಬಯಿಯಲ್ಲಿ ನಡೆದದ್ದು ಇನ್ನೂ ಅರ್ಥಪೂರ್ಣ. ‘ಬಾಂಬೆ ಟೈಮ್ಸ್’ ಪತ್ರಿಕೆಯ ಸಂಪಾದಕ ಜಾರ್ಜ್ ಬ್ಯೂಸ್ಟ್ ಈ ದೇಶದವರ ಮೇಲೆ ವಿಷ ಕಾರತೊಡಗಿದ. ಆ ಪತ್ರಿಕೆಯ ಪಾಲುದಾರರಲ್ಲಿ ಹಿಂದೂಸ್ಥಾನದವರೂ ಇದ್ದರು. ಅವರು ಆಕ್ಷೇಪಿಸಿದರು, ಅವನು ಬಗ್ಗಲಿಲ್ಲ, ೧೮೫೭ರ ಕೊನೆಗೆ ಸಂಪಾದಕತ್ವ ರಾಬರ್ಟ್ ನೈಟ್ ಎಂಬವನ ಕೈಗೆ ಹೋಯಿತು, ಪತ್ರಿಕೆಯ ಧಾಟಿ ಬದಲಾಯಿತು. ಲಂಡನ್ನಿನ ಪತ್ರಿಕೆಗಳಲ್ಲಿ ನಮ್ಮವರ ಪಾಲು ಇರಲಿಲ್ಲ. ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣ ವ್ಯತ್ಯಾಸವಲ್ಲ.

ವಿಲ್ಕಿ ಕಾಲಿನ್ಸನ ಬರೆಹ ಅಚ್ಚಾದ ಅದೇ ಫೆಬ್ರುವರಿಯಲ್ಲಿ ಸುರಪುರ ಬಿದ್ದಿತು. ಲಿಂಗಸುಗೂರಿನ ದಂಡು ಹೊರಟಿತು, ಬೇಡರು ಕಾದಿದರು, ನ್ಯೂಬೆರಿ ಎಂಬ ಸೇನಾಧಿಕಾರಿ ಸತ್ತ, ಎರಡು ಮೂರು ದಿನಗಳಲ್ಲಿ ಊರು ಬರಿದಾಯಿತು. ವೆಂಕಟಪ್ಪ ನಾಯಕನು ಹೈದರಾಬಾದಿಗೆ ಹೋಗಿ ಸೆರೆಸಿಕ್ಕಿದನು. ಔರಂಗಜೇಬನು ತನ್ನ ಮುಪ್ಪಿನಲ್ಲಿ ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ಈ ನಾಯಕರ ವಾಗಿನಗೇರಿಯದು. ಅಂಥ ಮನೆತನದ ಆಳ್ವಿಕೆ ಹೀಗೆ ಮುಗಿದದ್ದು ಲಂಡನ್ನಿಗೆ ಎಷ್ಟರ ಸುದ್ದಿ? ಆಗ ಎಲ್ಲರ ಕಣ್ಣೂ ಲಖನೌದ ಮೇಲೆ. ಲಖನೌದ ಮುಂದೆ ಸುರಪುರ ಒಂದು ಉಪಕಥೆ. ‘ಶೋರಾಪುರದ ರಾಜ’ ಎಂಬ ಹೆಸರು, ಸಾವುನೋವಿನ ಲೆಕ್ಕ, ಮುಂದಿನ ಸುದ್ದಿ.

ಈಗ ಟೇಲರನ ಆತ್ಮಕಥೆಯನ್ನು ತೆರೆಯೋಣ. ಅವನು ೧೮೭೬ರಲ್ಲಿ ತೀರಿಕೊಂಡ ಮೇಲೆ ಮಗಳು ಪ್ರಕಟಿಸಿದ ಪುಸ್ತಕ ಅದು. ಮುನ್ನುಡಿ ಅದೇ ಹೆನ್ರಿ ರೀವನದು. ಸೆರೆಮನೆಯಲ್ಲಿ ತನ್ನನ್ನು ಕಂಡೊಡನೆ ವೆಂಕಟಪ್ಪ ನಾಯಕನು ‘ಅಪ್ಪಾ’ ಎಂದು ಕೂಗಿ ತಬ್ಬಿಕೊಂಡದ್ದನ್ನು ಟೇಲರ್ ಬರೆಯುತ್ತಾನೆ. ಇಂಗ್ಲಿಷ್ ವಾಕ್ಯದ ನಡುವೆ ಆ ಎರಡಕ್ಷರದ ಕನ್ನಡ ಮಾತು ಹಾಗೇ ಉಳಿದಿದೆ. ಪ್ರಾಣಭಿಕ್ಷೆ ಬೇಡಲು ರೆಸಿಡೆಂಟನ ಬಳಿಗೆ ಹೋಗಲೊಲ್ಲೆನೆಂದ ದೊರೆ. ಕಳ್ಳನಂತೆ ನೇಣಿಗೇರಿಸಬೇಡಿರಿ, ತೋಪಿನ ಬಾಯಿಗೆ ಕಟ್ಟಿರಿ ಎಂದ ದೊರೆ. ಅವನ ಶಿಕ್ಷೆಯನ್ನು ನಾಲ್ಕು ವರ್ಷಗಳ ಸೆರೆಗೆ ಇಳಿಸಲಾಯಿತು. ಚೆಂಗಲ್‌ಪಟ್ಟಿಗೆ ಸಾಗಿಸುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನು ಸತ್ತ. ಅವನಾಗಿ ಹೊಡೆದುಕೊಂಡದ್ದೆಂದು ಟೇಲರನ ಪಕ್ಷ. ಜಾತಕದಲ್ಲಿ ಇಪ್ಪತ್ತನಾಲ್ಕನೆಯ ವರ್ಷದ ಗಂಡಾಂತರ ಬರೆದಿತ್ತೆಂಬುದನ್ನೂ ಅವನು ಸ್ವಲ್ಪ ನಡುಗುವ ಕೈಯಿಂದಲೇ ದಾಖಲಿಸುತ್ತಾನೆ. ಈ ಪುಟಗಳನ್ನು ಓದಿ ಮುಚ್ಚಿದಾಗ ನನಗನ್ನಿಸಿದ್ದು: ಹದಿಮೂರು ವರ್ಷ ‘ಟೈಮ್ಸ್’ಗೆ ಬರೆದ ಕೈಯೇ ಇದನ್ನೂ ಬರೆದಿದೆ, ಆದರೆ ಈ ‘ಅಪ್ಪಾ’ ಎಂಬ ಮಾತು ೧೮೫೮ರ ಪತ್ರಿಕೆಯಲ್ಲಿ ಬರುವ ಹಾಗಿರಲಿಲ್ಲ. ಟೇಲರನಿಗೆ ಧೈರ್ಯವಿರಲಿಲ್ಲವೆಂದಲ್ಲ. ಅದನ್ನು ಕೇಳಿಸಿಕೊಳ್ಳುವ ಕಿವಿ ಆ ವರ್ಷದ ಲಂಡನ್ನಿಗಿರಲಿಲ್ಲ. ಇಪ್ಪತ್ತು ವರ್ಷ ಕಳೆದು, ಭಯ ತಣ್ಣಗಾಗಿ, ಹಿಂದೂಸ್ಥಾನ ಮಹಾರಾಣಿಯ ಮುಕುಟದ ಮಣಿಯಾದ ಮೇಲೆ, ಸತ್ತ ಬೇಡ ದೊರೆಯೊಬ್ಬನಿಗಾಗಿ ಕಣ್ಣು ಒದ್ದೆಮಾಡಿಕೊಳ್ಳುವುದು ಓದುಗನಿಗೆ ಸುಲಭವಾಯಿತು. ಪತ್ರಿಕೆಯಲ್ಲಿ ಕಂಡ ಕೋಪವೂ ಪುಸ್ತಕದಲ್ಲಿ ಕಂಡ ಕರುಣೆಯೂ, ಎರಡೂ, ಆಯಾ ಕಾಲದ ಗಿರಾಕಿಯ ಮುಖಗಳೇ.

ಮಾನ್ವಿಯಲ್ಲಿ ಮಾಸ್ತರರಾಗಿರುವ ನನ್ನ ಸ್ನೇಹಿತರಿಗೆ ಈ ಓದಿನ ವಿಷಯ ಹೇಳುತ್ತಿದ್ದಾಗ ಅವರು ಎಲ್ಲವನ್ನೂ ಕೇಳಿ ಕೊನೆಗೆ, “ಇಷ್ಟೆಲ್ಲಾ ಓದೀರಿ ಖರೆ, ಅದರಾಗ ನಮ್ಮ ಮಾನ್ವಿ ಹೆಸರು ಎಲ್ಲೆರ ಬಂದೈತೇನ್ರೀ ಸರ?” ಎಂದರು. ಪ್ರಶ್ನೆಗೆ ನಗು ಬಂತು, ಆದರೆ ವಿಮರ್ಶೆಯ ಮರ್ಮ ಅದರಲ್ಲೇ ಇತ್ತು. ನಾನು ಓದಿದ ಪುಟಗಳಲ್ಲಿ ಮಾನ್ವಿಯಾಗಲಿ ದೇವದುರ್ಗವಾಗಲಿ ನನ್ನ ಕಣ್ಣಿಗೆ ಬೀಳಲಿಲ್ಲ. ‘ರಾಯಚೂರು ದೋಆಬು’ ಎಂಬುದು ಲಂಡನ್ನಿಗೆ ಒಂದು ಭೂಮಿಯ ಹೆಸರಾಗಿರಲಿಲ್ಲ, ಸಾಲದ ಲೆಕ್ಕದ ಒಂದು ಬಾಬಾಗಿತ್ತು. ಜಗನ್ನಾಥದಾಸರು ಬಾಳಿ ‘ಹರಿಕಥಾಮೃತಸಾರ’ ಬರೆದ ಸೀಮೆ, ಗೋಪಾಲದಾಸರು ಹುಟ್ಟಿದ ಮೊಸರಕಲ್ಲು, ವಿಜಯದಾಸರ ಚೀಕಲಪರ್ವಿ, ಇವುಗಳಿಗೆ ಆ ಲೆಕ್ಕದಲ್ಲಿ ಕಲಮಿಲ್ಲ.

ಹಾಗಾದರೆ ನದಿಯ ಈ ದಡದಲ್ಲಿ ಏನಿತ್ತು? ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ೧೮೪೩ರ ಜುಲೈ ೧ರಂದು ಹೊರಟಿತಷ್ಟೆ. ಹರ್ಮನ್ ಮೊಗ್ಲಿಂಗನು ಮರುವರ್ಷವೇ ಅದನ್ನು ‘ಕನ್ನಡ ಸಮಾಚಾರ’ವೆಂದು ಹೆಸರು ಬದಲಿಸಿ ಬಳ್ಳಾರಿಯಲ್ಲಿ ಅಚ್ಚುಮಾಡಿಸಿದನು. ಬಳ್ಳಾರಿ ಎಂದರೆ ತುಂಗಭದ್ರೆಯ ಆಚೆಯ ದಡ. ಆ ಪ್ರಯತ್ನ ಬಹುಕಾಲ ಬಾಳಲಿಲ್ಲ. ಬಾಳಿದ್ದರೆ ೧೮೫೮ರ ಸುರಪುರ ಕನ್ನಡ ಅಚ್ಚಿನಲ್ಲಿ ಹೇಗೆ ಕಾಣುತ್ತಿತ್ತೆಂದು ಯೋಚಿಸುವುದು ನನ್ನ ಹವ್ಯಾಸಗಳಲ್ಲೊಂದು. ಉಳಿದದ್ದು ಹಾಡು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಫ್ಲೀಟ್ ಸಾಹೇಬನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಿಸಿದ್ದನ್ನು ಬಲ್ಲವರು ಬಲ್ಲರು. ೧೮೫೭ರ ನವೆಂಬರಿನಲ್ಲಿ ಹತಾರ ಒಪ್ಪಿಸಲೊಲ್ಲದೆ ಸತ್ತ ಹಲಗಲಿಯ ಬೇಡರ ಲಾವಣಿ ಶಾಲೆಯ ಮಕ್ಕಳಿಗೂ ಪರಿಚಿತ. ಸುರಪುರದ ನಾಯಕನ ಹಾಡುಗಳೂ ಇವೆ.

ಲಾವಣಿ ಸತ್ಯ, ಪತ್ರಿಕೆ ಸುಳ್ಳು ಎಂದು ಕೂಡಲೇ ತೀರ್ಪು ಕೊಡುವವರಿದ್ದಾರೆ. ನನಗೆ ಅದು ಒಪ್ಪುವುದಿಲ್ಲ. ಲಾವಣಿಯೂ ಕೇಳುವವನ ಮುಖ ನೋಡಿಯೇ ಹಾಡುತ್ತದೆ. ಸತ್ತವನನ್ನು ಎತ್ತರಿಸುತ್ತದೆ, ಸೋಲಿಗೆ ಒಬ್ಬ ಮನೆಮುರುಕನನ್ನು ಹುಡುಕುತ್ತದೆ, ಸಂಖ್ಯೆಗಳನ್ನು ಧಾರಾಳವಾಗಿ ಬಳಸುತ್ತದೆ. ಆದರೂ ಒಂದು ಭೇದವಿದೆ. ದೇವದುರ್ಗದ ಸಂತೆಯಲ್ಲಿ ಹಾಡುವವನ ಮುಂದೆ ಕುಳಿತವರಲ್ಲಿ, ಆ ಕಾಳಗದಲ್ಲಿ ಅಣ್ಣನನ್ನು ಕಳೆದುಕೊಂಡವನೂ ಇರಬಹುದು. ನದಿ ದಾಟಿದರೆ ಸುರಪುರ. ಹಾಡು ತಪ್ಪಿದರೆ ಅವನು ಎದ್ದು ನಿಂತು “ಹಂಗಲ್ಲೋ ತಮ್ಮಾ” ಎನ್ನಬಲ್ಲ. ಹಾಡಿನಲ್ಲಿ ಬಂದವರೂ ಹಾಡು ಕೇಳುವವರೂ ಒಂದೇ ಸೀಮೆಯವರು. ‘ಟೈಮ್ಸ್’ನ ಅಗ್ರಲೇಖಕನಿಗೆ ಅಂ­ಥ ಭಯವಿರಲಿಲ್ಲ. ಅವನ ಪುಟದಲ್ಲಿ ಬಂದವರು ಅವನ ಪುಟವನ್ನು ಓದುವವರಲ್ಲ.

ನಮ್ಮ ಕಡೆಯ ಇತಿಹಾಸ ಬರೆಯುವವರ ಮೇಲೆ ನನಗೊಂದು ದೂರಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಇಂಗ್ಲಿಷ್ ಪತ್ರಿಕೆಯ ತುಣುಕು ಸಿಕ್ಕರೆ ಸಾಕು, ನಮ್ಮ ನಾಯಕನನ್ನು ಬೈದಿದ್ದರೆ ‘ನೋಡಿ ಅವರ ಕ್ರೌರ್ಯ’ ಎನ್ನುತ್ತಾರೆ. ಹೊಗಳಿದ್ದರೆ ‘ಶತ್ರುಗಳೇ ಮೆಚ್ಚಿದ್ದಾರೆ’ ಎಂದು ಕಟ್ಟು ಹಾಕಿಸುತ್ತಾರೆ. ಎರಡೂ ಕಡೆ ತುಣುಕನ್ನು ಸಾಕ್ಷಿಪತ್ರವಾಗಿ ಬಳಸುತ್ತಾರೆಯೇ ಹೊರತು ಬರೆಹವಾಗಿ ಓದುವುದಿಲ್ಲ. ಯಾರು ಬರೆದರು, ಎಷ್ಟು ದೂರದಿಂದ ಬರೆದರು, ಯಾವ ಬೆಲೆಯ ಪತ್ರಿಕೆ, ಯಾರು ಕೊಳ್ಳುತ್ತಿದ್ದರು, ಆ ವಾರ ಅವರಿಗೆ ಬೇರೆ ಯಾವ ಭಯವಿತ್ತು, ಇಷ್ಟನ್ನು ಕೇಳದೆ ಪತ್ರಿಕೆಯನ್ನು ನಂಬಲೂ ಬಾರದು, ಅಲ್ಲಗಳೆಯಲೂ ಬಾರದು. ಒಂದು ವಚನಕ್ಕೆ, ಒಂದು ರಗಳೆಗೆ ನಾವು ಕೇಳುವ ಪ್ರಶ್ನೆಗಳನ್ನೇ ಒಂದು ಸುದ್ದಿಗೂ ಕೇಳಿದರೆ ತಪ್ಪೇನು?

ದೂರದ ಕನ್ನಡಿ ನಮಗಿನ್ನೂ ತಪ್ಪಿಲ್ಲ ಎಂಬುದನ್ನೂ ಸೂಚಿಸಬೇಕು. ಬೆಂಗಳೂರಿನ ಪತ್ರಿಕೆಗಳಲ್ಲಿ ರಾಯಚೂರು ಬರುವುದು ಬಿಸಿಲಿಗಾಗಿ, ಬರಕ್ಕಾಗಿ, ಗುಳೆ ಹೋಗುವವರ ಚಿತ್ರಕ್ಕಾಗಿ, ಶಕ್ತಿನಗರದಲ್ಲಿ ಒಂದು ಘಟಕ ನಿಂತಾಗ. ೨೦೧೯ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟರೂ ‘ಹಿಂದುಳಿದ’ ಎಂಬ ವಿಶೇಷಣ ಹಾಗೇ ಮುಂದುವರಿದಿದೆ. ಸುಳ್ಳೇನಲ್ಲ, ಬಿಸಿಲು ಉಂಟು, ಗುಳೆಯೂ ಉಂಟು. ಆದರೆ ಮಾನ್ವಿಯ ನನ್ನ ಸ್ನೇಹಿತರು ಬೆಳಿಗ್ಗೆ ಪತ್ರಿಕೆ ಬಿಡಿಸಿದಾಗ ತಮ್ಮನ್ನೇ ಬೇರೆಯವರ ಕಣ್ಣಿನಿಂದ ಕಾಣಬೇಕಾಗುತ್ತದೆ. ೧೮೫೮ರಲ್ಲಿ ಅವರ ಮುತ್ತಜ್ಜನಿಗೆ ಈ ತಾಪತ್ರಯವಿರಲಿಲ್ಲ. ಅವನು ‘ಟೈಮ್ಸ್’ ಓದುತ್ತಿರಲಿಲ್ಲ.

ಟೇಲರನು ೧೮೫೮ರಲ್ಲಿ ಮತ್ತೆ ಸುರಪುರಕ್ಕೆ ಕಮಿಷನರಾಗಿ ಬಂದ. ತಾನು ಸಾಕಿದ ಹುಡುಗನ ಬರಿದಾದ ಸೀಮೆಯನ್ನು ಎರಡು ವರ್ಷ ಆಳಿದ. ೧೮೬೦ರಲ್ಲಿ ಹೊಸ ಕರಾರಾಯಿತು: ದಂಗೆಯ ಕಾಲದಲ್ಲಿ ನಂಬಿಗೆಯಿಂದಿದ್ದ ನಿಜಾಮನಿಗೆ ಬಹುಮಾನವಾಗಿ ಸುರಪುರ ದೊರೆಯಿತು, ರಾಯಚೂರು ದೋಆಬು, ಧಾರಾಶಿವ ಮರಳಿ ಬಂದವು, ಹಳೆಯ ಸಾಲ ಮನ್ನಾ ಆಯಿತು. ಟೇಲರನು ಅದೇ ವರ್ಷ ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಹಡಗು ಹತ್ತಿದ. ಮಾನ್ವಿ, ದೇವದುರ್ಗಗಳ ಜನ ಒಂದು ಸರಕಾರದ ಕೈಯಿಂದ ಇನ್ನೊಂದು ಸರಕಾರದ ಕೈಗೆ ದಾಟಿದರು. ಆ ವರ್ಷ ಲಂಡನ್ನಿನ ಓದುಗರಿಗೆ ಬೇರೊಬ್ಬ ನಾಯಕ ಸಿಕ್ಕಿದ್ದ. ಪತ್ರಿಕೆಗಳ ತುಂಬ ಇಟಲಿಯ ಗ್ಯಾರಿಬಾಲ್ಡಿ. ತನ್ನ ನಾಡಿನ ಬಿಡುಗಡೆಗಾಗಿ ದಂಗೆಯೆದ್ದವನೆಂದು ಅವನನ್ನು ಅವು ಕೊಂಡಾಡುತ್ತಿದ್ದವು.